ಗೌಂಡಿಗಳು ಮರಳಿ ಕಟ್ಟಿದ ಊರು

ವಾರ್ಸಾ, ಪೋಲೆಂಡ್
ಅಕ್ಟೋಬರ್ 12

ತೀರ್ಥರೂಪ ಅಪ್ಪನಿಗೆ ಮಗಳ ನಮಸ್ಕಾರಗಳು. ಅವ್ವನಿಗೂ.

ನಾನು ಆರಾಮಾಗಿದ್ದೇನೆ. ಎರಡು ದಿನ ರಜೆ ಸಿಕ್ಕಿತು. ಬರ್ಲಿನ್‌ನಲ್ಲಿ ರೈಲು ಹತ್ತಿ ಇಲ್ಲಿಗೆ ಬಂದೆ. ಫೋನಿನಲ್ಲಿ ಹೇಳಿದರೆ ಮುಗಿಯುವ ಮಾತಲ್ಲ, ಅದಕ್ಕೇ ಪತ್ರ.

ನಿನ್ನೆ ಸಂಜೆ ಇಲ್ಲಿನ ಹಳೇ ಪೇಟೆಗೆ ಹೋದೆ. ಚೌಕದ ಸುತ್ತ ಒಂದಕ್ಕೊಂದು ಅಂಟಿಕೊಂಡ ಮಾಳಿಗೆ ಮನೆಗಳು. ಒಂದಕ್ಕೆ ಹಳದಿ ಬಣ್ಣ, ಪಕ್ಕದ್ದಕ್ಕೆ ಇಟ್ಟಿಗೆ ಕೆಂಪು, ಮತ್ತೊಂದಕ್ಕೆ ತಿಳಿ ಹಸಿರು. ನಡುವೆ ಕತ್ತಿ ಹಿಡಿದ ಮತ್ಸ್ಯಕನ್ಯೆ. ಅವಳೇ ಈ ಊರಿನ ಗುರುತು. ಎಷ್ಟು ನೂರು ವರ್ಷದ ಮನೆಗಳೋ ಅಂದುಕೊಂಡು ಒಂದು ಗೋಡೆ ಮುಟ್ಟಿ ನಿಂತೆ.

ಅಪ್ಪ, ಆ ಗೋಡೆ ನಮ್ಮ ನಿಪ್ಪಾಣಿ ಮನೆಗಿಂತ ಚಿಕ್ಕದು. ವಯಸ್ಸಿನಲ್ಲಿ ಹೇಳುತ್ತಿದ್ದೇನೆ. ಈ ಚೌಕವನ್ನು ಮತ್ತೆ ಕಟ್ಟಿ ಮುಗಿಸಿದ್ದು 1953ರಲ್ಲಿ.

1944ರ ಆಗಸ್ಟ್ 1ರಂದು ಊರಿನ ಜನ ಹಿಟ್ಲರನ ಸೈನ್ಯದ ವಿರುದ್ಧ ದಂಗೆ ಎದ್ದರು. 63 ದಿನ ಕಾದಾಡಿ ಸೋತರು. ಆಮೇಲೆ ಜರ್ಮನ್ನರು ಉಳಿದ ಜನರನ್ನು ಊರಿನಿಂದ ಹೊರಗೆ ಅಟ್ಟಿ, ಬೀದಿ ಬೀದಿಗೆ ಹೋಗಿ ಬೆಂಕಿ ಹಚ್ಚಿದರು, ಮದ್ದು ಇಟ್ಟು ಸಿಡಿಸಿದರು. ಹಳೇ ಊರಿನಲ್ಲಿ ನೂರಕ್ಕೆ 85ಕ್ಕಿಂತ ಜಾಸ್ತಿ ಹಾಳಾಯಿತು. ಆಗಿನ ಫೋಟೋ ನೋಡಿದೆ. ಬರೀ ಇಟ್ಟಿಗೆ ರಾಶಿ, ಅಲ್ಲಲ್ಲಿ ಒಂದೊಂದು ಮೊಂಡು ಗೋಡೆ.

ಅದನ್ನು ಇದ್ದ ಹಾಗೇ ಮತ್ತೆ ಎಬ್ಬಿಸಿದ್ದಾರೆ. ಹೇಗೆ ಅಂತ ನೀವು ಕೇಳೇ ಕೇಳುತ್ತೀರಿ. ನಾನೂ ಅದನ್ನೇ ಹುಡುಕಿಕೊಂಡು ಇವತ್ತು ಇಡೀ ದಿನ ತಿರುಗಿದೆ.

ಯುದ್ಧಕ್ಕೆ ಮುಂಚೆ ಇಲ್ಲಿನ ಆರ್ಕಿಟೆಕ್ಚರ್ ಕಾಲೇಜಿನ ಮೇಷ್ಟರು, ಹುಡುಗರು ಸೇರಿ ಹಳೇ ಕಟ್ಟಡಗಳ ಅಳತೆ ತೆಗೆದು ನಕ್ಷೆ ಬರೆದಿದ್ದರು. ಊರು ಸುಡುವಾಗ ಆ ಕಾಗದಗಳನ್ನು ಕದ್ದು ಸಾಗಿಸಿ ಪಿಯೊತ್ರಕುವ್ ಎಂಬ ಊರಿನ ಮಠದಲ್ಲಿ ಬಚ್ಚಿಟ್ಟರು. ಬಾಗಿಲು ಎಷ್ಟು ಅಗಲ, ಕಿಟಕಿ ಎಷ್ಟು ಎತ್ತರ, ಎಲ್ಲ ಅದರಲ್ಲಿತ್ತು. ಇನ್ನೊಂದು ಆಧಾರ ಬೆಲ್ಲೊಟ್ಟೊ ಎಂಬ ಇಟಲಿಯ ಚಿತ್ರಗಾರನದು. 1770ರ ದಶಕದಲ್ಲಿ ರಾಜನಿಗಾಗಿ ಈ ಊರಿನ ಬೀದಿಗಳನ್ನು ಬರೆದಿದ್ದ. ಆ ಚಿತ್ರಗಳು ಈಗ ಅರಮನೆಯಲ್ಲಿವೆ. ನಾನು ಒಂದೊಂದರ ಮುಂದೆಯೂ ತುಂಬ ಹೊತ್ತು ನಿಂತೆ. ಕಿಟಕಿಯ ಚೌಕಟ್ಟು, ಅಂಗಡಿ ಮುಂದಿನ ನಾಯಿ, ಏನನ್ನೂ ಬಿಟ್ಟಿಲ್ಲ. ಅವನು ಅಲ್ಲಲ್ಲಿ ತನಗೆ ಬೇಕಾದ ಹಾಗೆ ತಿದ್ದಿಯೂ ಇದ್ದಾನಂತೆ. ಅದನ್ನೇ ನಂಬಿ ಕಟ್ಟಿದ್ದರಿಂದ ಕೆಲವು ಮನೆಗಳು ಈಗ ಮೊದಲು ಇದ್ದಂತಿಲ್ಲ, ಚಿತ್ರದಲ್ಲಿದ್ದಂತಿವೆ.

ಇಟ್ಟಿಗೆ ರಾಶಿಯನ್ನು ಜರಡಿ ಹಿಡಿದ ಹಾಗೆ ಹುಡುಕಿದ್ದಾರೆ. ಕೆತ್ತನೆಯ ಕಲ್ಲು ಸಿಕ್ಕರೆ ಅದರ ಜಾಗಕ್ಕೇ ಮರಳಿ ಕೂರಿಸಿದ್ದಾರೆ. ಇಟ್ಟಿಗೆ ಸಾಲದೇ ಹೋದಾಗ ಬೇರೆ ಊರುಗಳಿಂದ ತಂದರು. ಅಲ್ಲಿನ ಹಳೇ ಗೋಡೆಗಳನ್ನೂ ಕೆಡವಿ ತಂದಿದ್ದಾರೆ. ಅದು ಮಾತ್ರ ನನಗೆ ಸರಿ ಕಾಣಲಿಲ್ಲ. ಮನೆಗಳ ಮುಖ ಹಳೇದು, ಒಳಗೆ ಬಚ್ಚಲು, ನಲ್ಲಿ, ಕರೆಂಟು ಎಲ್ಲ ಹೊಸದು. ಈಗಲೂ ಜನ ವಾಸ ಮಾಡುತ್ತಾರೆ. ಒಬ್ಬ ಮುದುಕಿ ಕಿಟಕಿಯಲ್ಲಿ ಹೂವಿನ ಕುಂಡಕ್ಕೆ ನೀರು ಹಾಕುತ್ತಿದ್ದಳು.

ಅರಮನೆಯ ಸರದಿ ಬಂದದ್ದು ತಡವಾಗಿ. 1971ರಲ್ಲಿ ಕೆಲಸಕ್ಕೆ ಕೈ ಹಾಕಿದರು, ಜನರೇ ಹಣ ಕೂಡಿಸಿದರು. ಹೊರಗೆ ಹಳೇ ಕಂಬದ ಮುರಿದ ತುಂಡುಗಳನ್ನು ಹಾಗೇ ಮಲಗಿಸಿದ್ದಾರೆ. ಮಕ್ಕಳು ಅದರ ಪಕ್ಕ ಆಡುತ್ತಿರುತ್ತವೆ.

ಸ್ವಲ್ಪ ದೂರ ನಡೆದರೆ ಕಾಲಡಿಯಲ್ಲಿ ಒಂದು ಕಬ್ಬಿಣದ ಪಟ್ಟಿ ಸಿಗುತ್ತದೆ. 1940ರಿಂದ 1943ರವರೆಗೆ ಯಹೂದಿಗಳನ್ನು ಕೂಡಿ ಹಾಕಿದ್ದ ಗೋಡೆ ಇದ್ದ ಜಾಗ ಅದು. ಯುದ್ಧಕ್ಕೆ ಮೊದಲು ಊರಿನಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಒಂದು ಪಾಲು ಯಹೂದಿಗಳೇ ಇದ್ದರು. ಅವರಲ್ಲಿ ಹೆಚ್ಚಿನವರನ್ನು ಕೊಂದೇಬಿಟ್ಟರು. ಆ ಪಟ್ಟಿಯನ್ನು ದಾಟಲು ನನಗೆ ಕಾಲೇ ಬರಲಿಲ್ಲ ಅಪ್ಪ.

ಊಟದ ಬಗ್ಗೆ ಅವ್ವನಿಗೆ ಹೇಳಿ. ಪಿಯೆರೊಗಿ ಅಂತ, ನೋಡಲು ನಮ್ಮ ಕರಿಗಡುಬೇ. ಒಳಗೆ ಆಲೂಗಡ್ಡೆ ಮತ್ತು ಗಿಣ್ಣಿನಂಥ ಬಿಳಿ ಚೀಸ್. ಹೊಟ್ಟೆ ತುಂಬ ತಿಂದೆ.

ಅಜ್ಜ ಹೇಳುತ್ತಿದ್ದದ್ದು ನೆನಪಿದೆಯಾ? ಕೊಲ್ಹಾಪುರದ ಸಂತೆಯಲ್ಲಿ ಬಿಳೀ ಹೆಂಗಸರು ತರಕಾರಿ ಕೊಳ್ಳುತ್ತಿದ್ದರು, ಇಂಗ್ಲಿಷರಲ್ಲ, ಬೇರೆ ಯಾರೋ ಅಂತ. ಅವರು ಈ ದೇಶದವರೇ! ಯುದ್ಧದಲ್ಲಿ ಮನೆ ಕಳೆದುಕೊಂಡ ಸುಮಾರು ಐದು ಸಾವಿರ ಜನರಿಗೆ ಕೊಲ್ಹಾಪುರದ ಹತ್ತಿರದ ವಳಿವಡೆಯಲ್ಲಿ 1943ರಿಂದ ಐದು ವರ್ಷ ನೆಲೆ ಸಿಕ್ಕಿತ್ತು. ಅದರ ನೆನಪಿಗೆ ವಾರ್ಸಾದಲ್ಲಿ ಒಂದು ಕಲ್ಲು ನಿಲ್ಲಿಸಿದ್ದಾರೆ. ಅದರ ಮೇಲೆ ಕೊಲ್ಹಾಪುರದ ಹೆಸರು ಓದಿ ಕಣ್ಣು ತುಂಬಿ ಬಂತು. ಅಜ್ಜ ಇರಬೇಕಿತ್ತು.

ಇನ್ನೊಂದು ಮಾತು. ದೀಪಾವಳಿ ಆದ ಮೇಲೆ ನಮ್ಮ ಹಳೇ ಪಡಸಾಲೆ ಕೆಡವುತ್ತೀರಲ್ವಾ? ಬೇಡ ಅನ್ನುವುದಿಲ್ಲ, ಮಾಳಿಗೆ ಸೋರುತ್ತದೆ, ನನಗೂ ಗೊತ್ತು. ಆದರೆ ಕೆಡವುವ ಮುಂಚೆ ತಮ್ಮನ ಕೈಗೆ ಟೇಪು ಕೊಡಿ. ಕಂಬಗಳ ಎತ್ತರ, ದೇವರ ಗೂಡು, ಅಜ್ಜ ಕೂರುತ್ತಿದ್ದ ಕಟ್ಟೆಯ ಅಗಲ ಎಲ್ಲ ಅಳೆದು ಬರೆಯಲಿ. ನೀವು ಪಕ್ಕದಲ್ಲಿ ನಿಂತು ಹೇಳಿ, ಅವನಿಗೆ ತಿಳಿಯದು. ಆ ಕಾಗದವನ್ನು ನನ್ನ ಟ್ರಂಕಿನಲ್ಲಿ ಇಡಿ.

ನಿಮ್ಮ ಮಗಳು