ಫಿರೋಜಿ ನೀಲಿ ನಿಲ್ಲುತ್ತದೆ, ಕಪ್ಪು ಬದಲಾಗುತ್ತದೆ

ಆತ್ಮೀಯ ಗ್ರಾಹಕರೆ,

ಬರುವ ದೀಪಾವಳಿಯಿಂದ ನಮ್ಮ ಸಂಘದ ಹತ್ತಿ ಸೀರೆಗಳಲ್ಲಿ ಫಿರೋಜಿ ನೀಲಿ ಸಿಗುವುದಿಲ್ಲ. ಕಪ್ಪು ಸಿಗುತ್ತದೆ, ಆದರೆ ಈಗಿನ ಅಚ್ಚ ಕಪ್ಪಲ್ಲ. ಕುರ್ತಾಗಳ ಪಾಲಿಯೆಸ್ಟರ್ ಲೈನಿಂಗ್ ಹೋಗಿ ತೆಳು ಹತ್ತಿಯ ಮಲ್ ಬಟ್ಟೆ ಬರುತ್ತದೆ.

ಕಾರಣ ಬಣ್ಣದ ಬಾನಿಯಲ್ಲಿದೆ. ರಿಯಾಕ್ಟಿವ್ ಬಣ್ಣ (ನೂಲಿನೊಡನೆ ರಾಸಾಯನಿಕವಾಗಿ ಬೆಸೆಯುವ ಕೃತಕ ಬಣ್ಣ) ನೀರು ಬಿಟ್ಟು ನೂಲಿನತ್ತ ಸರಿಯಲು ಉಪ್ಪು ಬೇಕು, ನೂಲಿಗೆ ಕಚ್ಚಿಕೊಳ್ಳಲು ಸೋಡಾ ಬೇಕು. ಒಂದು ಕಿಲೋ ಲಡಿಗೆ 20 ಲೀಟರ್ ನೀರು, ಗಾಢ ಕಪ್ಪಿಗೆ ಲೀಟರಿಗೆ 80 ಗ್ರಾಂ ಉಪ್ಪು. ಅಂದರೆ ಕಿಲೋ ನೂಲಿಗೆ 1.6 ಕಿಲೋ ಉಪ್ಪು! ಅದರಲ್ಲಿ ಚಿಟಿಕೆಯಷ್ಟೂ ಸೀರೆಯಲ್ಲಿ ಉಳಿಯುವುದಿಲ್ಲ. ಸೋಡಾ ಬಿದ್ದ ಮೇಲೆ ಬಣ್ಣದ ಒಂದು ಪಾಲು ನೂಲಿನ ಬದಲು ನೀರಿನೊಡನೆಯೇ ಕೂಡಿಕೊಂಡು ಕೆಲಸಕ್ಕೆ ಬಾರದಂತಾಗುತ್ತದೆ. 60 ಗ್ರಾಂ ಬಣ್ಣ ಹಾಕಿದರೆ 15–20 ಗ್ರಾಂ ತೊಳೆದ ನೀರಿನ ಪಾಲು. ಫಿರೋಜಿಯಲ್ಲಿ ನಷ್ಟ ಇನ್ನೂ ಹೆಚ್ಚು. ಅದರ ಅಣುವಿನ ನಡುವೆ ತಾಮ್ರವೂ ಇದೆ.

ಈ ಹೊಲಸು ನೀರಿಗೆ ಸುಣ್ಣ, ಫೆರಸ್ ಸಲ್ಫೇಟ್ ಹಾಕಿದರೆ ಬಣ್ಣ ಬಹುಮಟ್ಟಿಗೆ ಕೆಸರಾಗಿ ತಳ ಸೇರುತ್ತದೆ, ಉಪ್ಪು ಸೇರುವುದಿಲ್ಲ. ನೀರು ತಿಳಿಯಾಗಿ ಕಂಡಿತೆಂದು ಸಮಾಧಾನಪಡುವಂತಿಲ್ಲ. ತಿರುಪ್ಪೂರಿನ ನೊಯ್ಯಲ್ ನದಿಯ ಒರತ್ತುಪಾಳಯಂ ಅಣೆಕಟ್ಟು ಕಟ್ಟಿದ್ದು ನೀರಾವರಿಗೆ. ತುಂಬಿದ್ದು ಬಣ್ಣದ ಕಾರ್ಖಾನೆಗಳ ನೀರು. ಕೆಳಗಿನ ರೈತರೇ ಆ ನೀರು ಬಿಡಬೇಡಿ ಎನ್ನುವ ಸ್ಥಿತಿ ಬಂತು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಅಲ್ಲಿನ ನೂರಾರು ಬಣ್ಣದ ಘಟಕಗಳನ್ನು ಮುಚ್ಚಿಸಿತು. ನೊಯ್ಯಲ್ ಸೇರುವುದು ನಮ್ಮ ಕೊಡಗಿನಲ್ಲಿ ಹುಟ್ಟುವ ಕಾವೇರಿಯನ್ನು, ಕಾವೇರಿ ಸೇರುವುದು ಬಂಗಾಳ ಕೊಲ್ಲಿಯನ್ನು.

ಸಮುದ್ರಕ್ಕೆ ಉಪ್ಪು ಹೊಸದಲ್ಲ ಬಿಡಿ. ಉಪ್ಪು ದಾರಿಯಲ್ಲೇ ಹೊಲ, ಬಾವಿಗಳನ್ನು ಕೆಡಿಸುತ್ತದೆ. ಕಡಲಿಗೆ ಹೊಸದಾಗಿ ಬಂದು ಸೇರುವುದು ಉಳಿಕೆ ಬಣ್ಣ, ಲೋಹ, ಪಾಲಿಯೆಸ್ಟರ್ ಎಳೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ 2017ರ ಅಂದಾಜಿನಂತೆ, ಸಣ್ಣ ಕಣಗಳ ರೂಪದಲ್ಲೇ ಸಮುದ್ರಕ್ಕೆ ಹೋಗುವ ಪ್ಲಾಸ್ಟಿಕ್‌ನಲ್ಲಿ ಸುಮಾರು 35% ಸಿಂಥೆಟಿಕ್ ಬಟ್ಟೆ ಒಗೆಯುವುದರಿಂದ ಬರುತ್ತದೆ. ಲೈನಿಂಗ್ ಬದಲಿಸಿದ್ದು ಅದಕ್ಕೆ.

ಹೊಸ ಕಪ್ಪಿಗೆ ನೂಲನ್ನು ಅಳಲೆಕಾಯಿ ಕಷಾಯದಲ್ಲಿ ನೆನೆಸಿ, ತುಕ್ಕು ಹಿಡಿದ ಕಬ್ಬಿಣ ಮತ್ತು ಬೆಲ್ಲ ಎರಡು ಮೂರು ವಾರ ಹುಳಿತ ನೀರಿನಲ್ಲಿ ಅದ್ದುತ್ತೇವೆ. ಕಬ್ಬಿಣ ಹೆಚ್ಚಾದರೆ ಹತ್ತಿ ಪೆಡಸಾಗಿ ಮುರಿಯುತ್ತದೆ. ಮಗ್ಗದಲ್ಲಿ ಎಳೆತ ತಾಳಬೇಕಾದದ್ದು ಹಾಸು, ಅಂದರೆ ಉದ್ದದ ನೂಲು. ಹಾಗಾಗಿ ಈ ಕಪ್ಪು ಹೊಕ್ಕಿಗೆ, ಅಂದರೆ ಅಡ್ಡ ನೂಲಿಗೆ ಮಾತ್ರ. ಹಾಸಿನ ನೂಲಿಗೆ ಸುಣ್ಣ–ಬೆಲ್ಲದ ಬಾನಿಯಲ್ಲಿ ಅದ್ದಿದ ಇಂಡಿಗೊ ನೀಲಿ (ಇದಕ್ಕೆ ಉಪ್ಪು ಬೇಡ). ಸೀರೆ ಬಿಸಿಲಿಗೆ ಹಿಡಿದಾಗ ನೀಲಿ ಛಾಯೆ ಕಾಣುತ್ತದೆ. ಅದು ದೋಷವಲ್ಲ.

ಕೆಂಪು, ಹಳದಿ, ತಿಳಿ ಬಣ್ಣಗಳು ಈಗಲೂ ರಿಯಾಕ್ಟಿವ್‌ನಲ್ಲೇ. ಅವುಗಳ ಮೊದಲ ಬಾನಿಯಲ್ಲೇ ಉಪ್ಪಿನ ಬಹುಪಾಲು ಇರುವುದರಿಂದ ಆ ನೀರನ್ನು ಬೇರೆ ಹಿಡಿದು, ಶೀಟ್ ಹಾಸಿದ ತಗ್ಗು ತೊಟ್ಟಿಯಲ್ಲಿ ಬಿಸಿಲಿಗೆ ಆರಿಸುತ್ತೇವೆ. ಮಳೆಗಾಲದಲ್ಲಿ ಇದು ನಡೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಬಣ್ಣಗಳ ಹೊಸ ಆರ್ಡರ್ ತೆಗೆದುಕೊಳ್ಳುವುದಿಲ್ಲ.

ಕಪ್ಪು ಸೀರೆಯನ್ನು ಮೊದಲ ಮೂರು ಸಲ ತಣ್ಣೀರಿನಲ್ಲಿ ಬೇರೆಯಾಗಿ ಒಗೆಯಿರಿ. ನಿಂಬೆ, ಹುಣಸೆ, ವಿನೆಗರ್ ತಾಗಿದರೆ ಕಪ್ಪು ಬಿಳಿಚುತ್ತದೆ. ಸಾರು ಚೆಲ್ಲಿದರೆ ಕೂಡಲೇ ನೀರು ಹಾಕಿ. ಶುರುವಿನಲ್ಲಿ ನೀಲಿ ಸ್ವಲ್ಪ ಉದುರುವುದರಿಂದ ಬಿಳಿ ಲಂಗದ ಮೇಲೆ ಉಡಬೇಡಿ. ಕೆಲಸ ಹೆಚ್ಚಾಗಿರುವುದರಿಂದ ಕಪ್ಪು ಸೀರೆಗೆ ₹180 ಹೆಚ್ಚು. ಮುಂಗಡ ಕೊಟ್ಟಿರುವ ಫಿರೋಜಿ ಸೀರೆಗಳನ್ನು ಹಳೆಯ ಬೆಲೆಗೇ ನೇಯ್ದು ಕೊಡುತ್ತೇವೆ.

ಇಂತಿ,
ಬಣ್ಣದ ವಿಭಾಗ, ಕೈಮಗ್ಗ ನೇಕಾರರ ಸಹಕಾರ ಸಂಘ