ಗೆಳೆಯನಿಗೊಂದು ಪತ್ರ: ಆ ಶನಿವಾರದ ವಿಚಾರ

ಪ್ರೀತಿಯ ಗೆಳೆಯ,

ಶಿವಮೊಗ್ಗದ ಚಳಿ ಹೇಗಿದೆ? ಹಸಿರು ಕಂಬಳಿ ಇನ್ನೂ ನಿನ್ನ ಬಳಿಯೇ ಇದ್ದರೆ ಹೊದೆಯಬೇಡ, ಕಾರಣ ನಿನಗೆ ಗೊತ್ತು. ಎಲ್ಲರೂ ಓದುವ ಕಡೆ ಬರೆಯುತ್ತಿದ್ದೇನೆ, ಓದಲಿ.

ನಮ್ಮ ಮನೆಯ ಮುಂದಿನ ಚರಂಡಿಯ ಚಪ್ಪಡಿ ಮುರಿದು ಮೂರು ತಿಂಗಳಾಯಿತು. ಯಾರೋ ಪುಣ್ಯಾತ್ಮರು ಅದರೊಳಗೆ ಬೇವಿನ ಕೊಂಬೆ ನಿಲ್ಲಿಸಿ, ತುದಿಗೆ ಕೆಂಪು ಬಟ್ಟೆ ಕಟ್ಟಿದ್ದಾರೆ. ಎಲೆಗಳೆಲ್ಲ ಉದುರಿ, ಬಟ್ಟೆಯೂ ಬಿಳಿಚಿಕೊಂಡಿದೆ. ‘ಇದನ್ನು ಯಾರಿಗೆ ಹೇಳಬೇಕಪ್ಪಾ?’ ಎಂದಳು ಮಗಳು. ಕಾರ್ಪೊರೇಟರ್‌ಗೆ ಎಂದೆ. ‘ಹಾಗಂದರೆ ಯಾರು?’ ಎಂದಳು. ಅವಳಿಗೆ ಒಂಬತ್ತು ವರ್ಷ.

2020ರ ಸೆಪ್ಟೆಂಬರ್ 10ಕ್ಕೆ ನಮ್ಮ ಬೆಂಗಳೂರು ಪಾಲಿಕೆಯ ಸದಸ್ಯರ, ಅಂದರೆ ಕಾರ್ಪೊರೇಟರ್‌ಗಳ, ಅವಧಿ ಮುಗಿಯಿತು. ಐದು ವರ್ಷ ತುಂಬುವ ಮೊದಲೇ ಚುನಾವಣೆ ನಡೆಯಬೇಕು ಎನ್ನುತ್ತದೆ ಸಂವಿಧಾನದ 74ನೇ ತಿದ್ದುಪಡಿ. ನಮಗೆ ಸಿಕ್ಕಿದ್ದು ಆಡಳಿತಾಧಿಕಾರಿಗಳು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಎಂಬ ಆ ಒಂದೇ ಪಾಲಿಕೆ ಹೋಗಿ ಐದು ಪಾಲಿಕೆಗಳಾದವು. ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದಕ್ಕೆ ಮುಖ್ಯಮಂತ್ರಿಯೇ ಅಧ್ಯಕ್ಷರು. ಮೇಯರ್ ಅವಧಿ ಒಂದು ವರ್ಷದಿಂದ ಎರಡೂವರೆ ವರ್ಷಕ್ಕೆ ಏರಿದ್ದು ನನಗೆ ನಿಜಕ್ಕೂ ಸಮಾಧಾನ. ಮೊದಲೆಲ್ಲ ಕಡತಗಳ ಪರಿಚಯವಾಗುವಷ್ಟರಲ್ಲಿ ಗೌನು ಕಳಚುವ ಹೊತ್ತಾಗುತ್ತಿತ್ತು. ಆದರೆ ಬೀಗದ ಕೈ ವಿಧಾನಸೌಧದಲ್ಲೇ ಉಳಿದರೆ ಐವರು ಮೇಯರ್‌ಗಳಿದ್ದೂ ಏನು ಬಂತು?

ಇದನ್ನೆಲ್ಲ ಮಗಳಿಗೆ ಆವೇಶದಿಂದ ಹೇಳುತ್ತಿದ್ದವನು ತಟ್ಟನೆ ನಿಲ್ಲಿಸಿದೆ. 2015ರ ಆಗಸ್ಟ್ 22 ನೆನಪಾಯಿತು. ಶನಿವಾರ, ಪಾಲಿಕೆ ಚುನಾವಣೆಯ ದಿನ. ನಾವಿಬ್ಬರೂ ಸಕಲೇಶಪುರದಲ್ಲಿದ್ದೆವು. ನಗರದ ಅರ್ಧದಷ್ಟು ಮತದಾರರು ಅಂದು ಮತಗಟ್ಟೆಯ ಕಡೆ ತಲೆ ಹಾಕಲಿಲ್ಲ. ಮೇಯರ್‌ನನ್ನು ನಾವು ನೇರವಾಗಿ ಆರಿಸುವುದಿಲ್ಲ; ಆ ಕುರ್ಚಿಯ ಮೇಲೆ ನಮಗಿರುವ ಹಿಡಿತವೆಂದರೆ ವಾರ್ಡಿನ ಆ ಒಂದು ಮತ. ಅದನ್ನು ನಾನು ಕಾಫಿ ತೋಟದಲ್ಲಿ ಕಳೆದೆ.

ನಿನಗೂ ಹೇಳದ ಮಾತೊಂದಿದೆ. ಹಿಂದಿನ ರಾತ್ರಿ ಅಪ್ಪ, ‘ಬೆಳಿಗ್ಗೆ ಒಟ್ಟಿಗೇ ಹೋಗಿ ಬರೋಣವೇ?’ ಎಂದು ಕೇಳಿದ್ದರು. ಪಟ್ಟಿಯಲ್ಲಿ ನನ್ನ ಹೆಸರಿಲ್ಲ ಎಂದುಬಿಟ್ಟೆ. ಭಾನುವಾರ ಮನೆಗೆ ಬಂದಾಗ ಮೇಜಿನ ಮೇಲೆ ಒಂದು ಚೀಟಿ, ಅದರಲ್ಲಿ ಅಪ್ಪನ ನಡುಗುವ ಅಕ್ಷರದಲ್ಲಿ ನನ್ನ ಕ್ರಮಸಂಖ್ಯೆ. ಕೆಳಗೆ ‘ಇದೆ’ ಎಂಬ ಒಂದೇ ಪದ. ಅವರು ಆ ವಿಷಯ ಮತ್ತೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಪಾಲಿಕೆಗೆ ಅವರು ಹಾಕಿದ ಕೊನೆಯ ಮತ ಅದು.

ಇಷ್ಟೆಲ್ಲ ಬರೆಯಬೇಕೆಂದಿರಲಿಲ್ಲ. ಇರಲಿ. ಅವರೆಕಾಯಿ ಸೊಗಡು ಮಾರುಕಟ್ಟೆ ತುಂಬ ಹರಡಿದೆ. ಹಿದಕಿದ ಬೇಳೆ ಸಾರು ಮಾಡಿಸುತ್ತೇನೆ, ಭಾನುವಾರ ಬಾ. ಕಂಬಳಿಯನ್ನೂ ತಾ. ಗೇಟಿನ ಹತ್ತಿರ ಮಾತ್ರ ಕೊಂಬೆ ಕಂಡ ಕಡೆ ಕಾಲಿಡಬೇಡ.

ನಿನ್ನವನೇ