ಅವರನ್ನು ಪಟ ಮಾಡಿ ಗೋಡೆಗೆ ಹಾಕಬೇಡ

ಪ್ರೀತಿಯ ತಂಗೀ,

ಅಮೆರಿಕದ ಲಿಟಲ್ ರಾಕ್ ಊರಿನಲ್ಲಿ ಬೀಗ ಬಿದ್ದ ಶಾಲೆಗಳನ್ನು ತೆರೆಸಲು ನಿಂತ ಬಿಳಿಯ ಮಹಿಳೆ ಅಡಾಲ್ಫೀನ್ ಫ್ಲೆಚರ್ ಟೆರಿ ಅವರ ಬಗ್ಗೆ ನೀನು ಬರೆದು ಕಳಿಸಿದ ಜೀವನಚಿತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಒಂದೇ ಗುಕ್ಕಿಗೆ, ಎರಡನೇ ಸಲ ಪೆನ್ಸಿಲ್ ಹಿಡಿದು. ನಿನ್ನ ಕನ್ನಡ ತಿಳಿಯಾಗಿದೆ, ಓದಿಸಿಕೊಂಡು ಹೋಗುತ್ತದೆ. ಆದರೆ ಮೂವತ್ತು ಪುಟಗಳಲ್ಲಿ 'ಮಹಾನ್' ಎಂಬ ಮಾತು ಹತ್ತೊಂಬತ್ತು ಕಡೆ ಬಂದಿದೆ. ಅಷ್ಟೂ ಕಡೆ ಗೀಟು ಹಾಕಿದ್ದೇನೆ. ಬೇಜಾರು ಮಾಡಿಕೊಳ್ಳಬೇಡ, ಏಕೆಂದು ಹೇಳುತ್ತೇನೆ.

ಅಮೆರಿಕದ ಅರ್ಕನ್ಸಾ ರಾಜ್ಯದ ಕತೆಯನ್ನು ಕನ್ನಡದಲ್ಲಿ ಯಾರು ಓದುತ್ತಾರೆ ಎಂದು ಗೆಳತಿಯೊಬ್ಬಳು ಕೇಳಿದಳಂತೆ. ಅದಕ್ಕೆ ಉತ್ತರವಾಗಿ ಎರಡು ಪುಟದ ಸಮರ್ಥನೆ ಬರೆದಿದ್ದೀಯ. ತೆಗೆದುಬಿಡು. ಮಕ್ಕಳನ್ನು ಶಾಲೆಯ ಜಗಲಿಯಲ್ಲಿ ಕೂರಿಸಿ ಒಳಗೆ ಪಾಠ ಮಾಡಿದ ಕಾಲ ನಮ್ಮ ಓದುಗರ ಮನೆಗಳಲ್ಲಿ ಇನ್ನೂ ನೆನಪಿದೆ. ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

1882ರಲ್ಲಿ ಹುಟ್ಟಿದರು ಎಂದು ಶುರುಮಾಡಿದ್ದೀಯ. ನಾನಾಗಿದ್ದರೆ 1958ರ ಸೆಪ್ಟೆಂಬರ್‌ನಿಂದ ಶುರುಮಾಡುತ್ತಿದ್ದೆ. ಅದರ ಹಿಂದಿನ ವರ್ಷ ಒಂಬತ್ತು ಕಪ್ಪು ಮಕ್ಕಳು ಸೈನಿಕರ ಕಾವಲಿನಲ್ಲಿ ಲಿಟಲ್ ರಾಕ್‌ನ ಸೆಂಟ್ರಲ್ ಹೈಸ್ಕೂಲಿನ ಮೆಟ್ಟಿಲು ಹತ್ತಿದ್ದು ಬಹಳ ಜನಕ್ಕೆ ಗೊತ್ತು. ಮರುವರ್ಷ ಏನಾಯಿತು ಎಂಬುದು ಅಷ್ಟಾಗಿ ಗೊತ್ತಿಲ್ಲ. ಕಪ್ಪು ಮಕ್ಕಳ ಜೊತೆ ಬಿಳಿ ಮಕ್ಕಳು ಕೂರುವುದಕ್ಕಿಂತ ಶಾಲೆಯೇ ಬೇಡ ಎಂದು ಗವರ್ನರ್ ಒರ್ವಲ್ ಫಾಬಸ್ ಊರಿನ ನಾಲ್ಕೂ ಹೈಸ್ಕೂಲುಗಳಿಗೆ ಬೀಗ ಹಾಕಿಸಿದ. 3,665 ಮಕ್ಕಳ ಓದು ನಿಂತಿತು. ಮೇಷ್ಟ್ರುಗಳ ಒಪ್ಪಂದ ಇನ್ನೂ ಇತ್ತಲ್ಲ, ಅವರು ಬೆಳಿಗ್ಗೆ ಬಂದು ಖಾಲಿ ಕೊಠಡಿಯಲ್ಲಿ ಕೂತು ಸಂಜೆ ಹೋಗಬೇಕು. ಫುಟ್‌ಬಾಲ್ ಪಂದ್ಯ ಮಾತ್ರ ನಿಲ್ಲಲಿಲ್ಲ. ಪಾಠವಿಲ್ಲದ ಶಾಲೆಯ ಹೆಸರಿನಲ್ಲಿ ಆಟ ನಡೆಯುತ್ತಿತ್ತು! ನೀನು ಇದನ್ನು ಒಂದೇ ವಾಕ್ಯದಲ್ಲಿ ದಾಟಿದ್ದೀಯ. ಆ ಖಾಲಿ ಕೊಠಡಿಯಲ್ಲಿ ಓದುಗನನ್ನು ಸ್ವಲ್ಪ ಹೊತ್ತು ಕೂರಿಸು.

ಸೆಪ್ಟೆಂಬರ್ 16ರಂದು ಟೆರಿ ಅವರ ಮನೆಯಲ್ಲಿ 58 ಹೆಂಗಸರು ಸೇರಿದರು. ಆಗ ಅವರಿಗೆ 75 ವರ್ಷ. ಮನೆ 1840ರದ್ದು, ಕಟ್ಟಿಸಿದ ಆಲ್ಬರ್ಟ್ ಪೈಕ್ ಮುಂದೆ ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪರ ನಿಂತ ದಕ್ಷಿಣದ ಸೇನೆಯಲ್ಲಿ ಜನರಲ್ ಆಗಿದ್ದವನು. ಟೆರಿ ಅವರ ತಂದೆಯೂ ಅದೇ ಸೇನೆಯಲ್ಲಿ ಹೋರಾಡಿ ಬಂದು ಆಮೇಲೆ ಊರಿನ ಮೇಯರ್ ಆದವರು. ಗಂಡ ಒಂಬತ್ತು ವರ್ಷ ಅಮೆರಿಕದ ಸಂಸತ್ತಿನಲ್ಲಿದ್ದವರು. ಅಂಥ ಮನೆಯ ಹಜಾರದಲ್ಲಿ ಶಾಲೆಯ ಬೀಗ ತೆಗೆಸುವ ಸಮಿತಿ ಹುಟ್ಟಿತು. ಇದಕ್ಕೆ ವಿಶೇಷಣ ಬೇಕೇನು?

ಹನ್ನೊಂದು ದಿನಕ್ಕೆ ಊರಲ್ಲಿ ಮತದಾನವಾಯಿತು. ಒಟ್ಟಿಗೆ ಓದಲಿ ಎಂದವರು 7,561, ಬೇಡ ಎಂದವರು 19,470. ನೀನು ಇಲ್ಲಿ 'ಸೋಲಿಗೆ ಎದೆಗುಂದದ ಧೀರೆ' ಎಂದು ಬರೆದು ಮುಂದೆ ಹೋಗಿದ್ದೀಯ. ನನಗೆ ಬೇಕಾಗಿರುವುದು ಅದರ ಮಾರನೆಯ ದಿನದ ಕೆಲಸ. ಸಮಿತಿಯ ಹೆಂಗಸರು ಮತದಾರರ ಹೆಸರುಗಳನ್ನು ಕಾರ್ಡುಗಳಿಗೆ ಇಳಿಸಿದರು, ಫೋನ್ ಹಿಡಿದು ಕೂತರು. ಜನರನ್ನು ಮೂರು ಬಗೆ ಮಾಡಿಕೊಂಡಿದ್ದರು: ಸಂತರು, ಪಾಪಿಗಳು, ಉಳಿಸಿಕೊಳ್ಳಬಹುದಾದವರು. ಈ ಮೂರನೆಯವರ ಮನೆಗೆ ಮತ್ತೆ ಮತ್ತೆ ಫೋನ್. ಸದಸ್ಯೆಯರ ಪಟ್ಟಿ ಮಾತ್ರ ಗುಟ್ಟು. ಹೆಸರು ಹೊರಬಿದ್ದರೆ ಗಂಡನ ಕೆಲಸಕ್ಕೆ, ವ್ಯಾಪಾರಕ್ಕೆ ಕುತ್ತು. 1959ರ ಮೇ ತಿಂಗಳಲ್ಲಿ ಶಾಲಾ ಮಂಡಳಿಯ ಮೂವರು ಸೇರಿ 44 ಶಿಕ್ಷಕರನ್ನೂ ಆಡಳಿತದವರನ್ನೂ ತೆಗೆದುಹಾಕಿದಾಗ ಆ ಕಾರ್ಡುಗಳು ಕೆಲಸಕ್ಕೆ ಬಂದವು. ಮೇ 25ರ ಮತದಾನದಲ್ಲಿ ಆ ಮೂವರೂ ಸ್ಥಾನ ಕಳೆದುಕೊಂಡರು. ಆಗಸ್ಟ್ 12ಕ್ಕೆ ಶಾಲೆ ತೆರೆಯಿತು. ಗೆದ್ದದ್ದು ಕಾರ್ಡು, ಫೋನು, ಹೆಂಗಸರ ತಾಳ್ಮೆ. ಅದನ್ನು ಬೆರಳಿಗೆ ಸಿಗುವ ಹಾಗೆ ಬರೆ.

ಇನ್ನು ನನ್ನ ಮನಸ್ಸಿಗೆ ಚುಚ್ಚಿದ್ದು. ಆ ಸಮಿತಿಯಲ್ಲಿ ಒಬ್ಬಳೇ ಒಬ್ಬ ಕಪ್ಪು ಹೆಂಗಸು ಇರಲಿಲ್ಲ. ಸೇರಿಸಿಕೊಂಡರೆ ಬಿಳಿಯರ ಮತ ಕೈತಪ್ಪುತ್ತದೆ ಎಂಬ ಲೆಕ್ಕ. 'ಎಲ್ಲ ಮಕ್ಕಳೂ ಒಟ್ಟಿಗೆ ಓದಲಿ' ಎಂದೂ ಅವರು ಬಾಯಿಬಿಟ್ಟು ಕೇಳಲಿಲ್ಲ, 'ನಮ್ಮ ಶಾಲೆ ತೆರೆಯಿರಿ' ಎಂದಷ್ಟೇ ಕೇಳಿದರು. ನಿನಗೆ ಇದು ಗೊತ್ತು, ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಿದ್ದೀಯ. ಹಸ್ತಪ್ರತಿಗೆ ಬರುವಾಗ ಬಿಟ್ಟಿದ್ದೀಯ. ಟೆರಿ ಅವರ ಮೇಲಿನ ಪ್ರೀತಿಗೆ ಹಾಗೆ ಮಾಡಿದೆ ಎಂದು ಗೊತ್ತು ನನಗೆ.

ನಾನೂ ಇದನ್ನೇ ಮಾಡಿದ್ದೆ. ನನ್ನ ಮೊದಲ ಜೀವನಚರಿತ್ರೆ ನಮ್ಮ ತಾಲ್ಲೂಕಿನ ಒಬ್ಬ ಮೇಷ್ಟ್ರದ್ದು. ಕೇರಿಯ ಮಕ್ಕಳನ್ನು ಜಗಲಿಯಿಂದ ಒಳಗೆ ಕರೆತಂದು ಬೆಂಚಿನ ಮೇಲೆ ಕೂರಿಸಿದವರು. ಪುಸ್ತಕ ಬಂದ ಮೇಲೆ ಅವರ ಶಿಷ್ಯೆಯೊಬ್ಬರ ಮನೆಗೆ ಪ್ರತಿ ಕೊಡಲು ಹೋದೆ. ಎಪ್ಪತ್ತು ದಾಟಿದವರು, ಕನ್ನಡಕ ಸೆರಗಿನಲ್ಲಿ ಒರೆಸಿಕೊಂಡು ಅಲ್ಲೇ ಹೊಸ್ತಿಲ ಮೇಲೆ ಕೂತು ಆ ಅಧ್ಯಾಯ ಓದಿದರು. ಪುಸ್ತಕ ಮುಚ್ಚಿ, 'ಮೇಷ್ಟ್ರು ಒಳಗೆ ಕೂರಿಸಿದ್ದು ದಿಟ ಕಣವ್ವ. ಒಳಗೆ ಕೂತ ಮ್ಯಾಲೆ ನಮಗೇನಾಯ್ತು ಅಂತ ನೀನು ಕೇಳ್ಲೇ ಇಲ್ವಲ್ಲ' ಅಂದರು. ಪಕ್ಕದ ಹುಡುಗಿ ದಿನವೂ ಸ್ಲೇಟು ಅಡ್ಡ ಇಟ್ಟು ಗೆರೆ ಮಾಡಿಕೊಳ್ಳುತ್ತಿದ್ದಳಂತೆ. ಆ ಸ್ಲೇಟು ನನ್ನ ಪುಸ್ತಕದಲ್ಲಿ ಇಲ್ಲ. ಇಷ್ಟು ವರ್ಷವಾದರೂ ಆ ನೋವು ಹೋಗಿಲ್ಲ.

ಹಾಗಾಗಿ ಕೇಳುತ್ತಿದ್ದೇನೆ. ಬೀಗ ಬಿದ್ದ ವರ್ಷ ಬಿಳಿಯರ ಮಕ್ಕಳಲ್ಲಿ ಬಹುಪಾಲು ಖಾಸಗಿ ಶಾಲೆಗೋ ಬೇರೆ ಊರಿಗೋ ಹೋಗಿ ಓದಿದರು. ಕಪ್ಪು ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಎಲ್ಲಿಯೂ ಶಾಲೆ ಸಿಗಲಿಲ್ಲ. ಅವರು ನಿನ್ನ ಬರಹದಲ್ಲಿ ಎಲ್ಲಿದ್ದಾರೆ? ಒಂಬತ್ತು ಮಕ್ಕಳ ಬೆನ್ನಿಗೆ ನಿಂತ ಕಪ್ಪು ಹೋರಾಟಗಾರ್ತಿ ಡೇಸಿ ಬೇಟ್ಸ್ ಎಲ್ಲಿದ್ದಾರೆ? ಅವರೂ ಅವರ ಗಂಡನೂ ನಡೆಸುತ್ತಿದ್ದ ಪತ್ರಿಕೆ ಜಾಹೀರಾತು ನಿಂತು 1959ರಲ್ಲಿ ಮುಚ್ಚಿಹೋಯಿತು. ಟೆರಿ ಅವರಿಗೆ ಗುಟ್ಟಿನ ಪಟ್ಟಿ ಇಟ್ಟುಕೊಳ್ಳುವ ಅವಕಾಶವಿತ್ತು. ಬೇಟ್ಸ್ ಅವರಿಗೆ ಇರಲಿಲ್ಲ. ಇಬ್ಬರನ್ನೂ ಒಂದೇ ಅಧ್ಯಾಯದಲ್ಲಿ ತಾ. ಟೆರಿ ಅವರು ಇದರಿಂದ ಕುಗ್ಗುವುದಿಲ್ಲ, ಮನುಷ್ಯರಾಗುತ್ತಾರೆ.

ಇನ್ನೊಂದು. 1973ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ, ಟೆರಿ ಅವರೇ ಒಂದು ಜೀವನಚರಿತ್ರೆ ಪ್ರಕಟಿಸಿದರು. ಷಾರ್ಲೆಟ್ ಸ್ಟೀಫನ್ಸ್ ಅವರದ್ದು. ಗುಲಾಮಗಿರಿಯಲ್ಲಿ ಹುಟ್ಟಿ, 1869ರಲ್ಲಿ, ಹದಿಹರೆಯದಲ್ಲೇ ಲಿಟಲ್ ರಾಕ್‌ನ ಮೊದಲ ಕಪ್ಪು ಶಿಕ್ಷಕಿಯಾಗಿ, 70 ವರ್ಷ ಪಾಠ ಮಾಡಿದವರು. ಇದನ್ನು ನೀನು ಕೊನೆಯ ಅನುಬಂಧಕ್ಕೆ ತಳ್ಳಿದ್ದೀಯಲ್ಲ, ನನಗೆ ಸಂಕಟವಾಯಿತು. ಕಪ್ಪು ಹೆಂಗಸರಿಗೆ ಜಾಗ ಕೊಡದ ಸಮಿತಿ ಹುಟ್ಟಿದ್ದು ಯಾರ ಮನೆಯಲ್ಲೋ, ಅವರೇ ಬದುಕಿನ ಕೊನೆಗಾಲದಲ್ಲಿ ಒಬ್ಬ ಕಪ್ಪು ಶಿಕ್ಷಕಿಯ ಕತೆ ಬರೆಯಲು ಕೂತರು. ಯಾಕೆ ಎಂದು ನೀನು ಊಹಿಸಿ ಹೇಳಬೇಡ. ಎರಡನ್ನೂ ಹತ್ತಿರ ಹತ್ತಿರ ಇಡು, ಸಾಕು.

ಟೆರಿ ಅವರು 1976ರಲ್ಲಿ ತೀರಿಕೊಂಡರು. 1998ರಲ್ಲಿ ಅದೇ ಮನೆಯ ಕಿಟಕಿಯ ಗಾಜಿನ ಮೇಲೆ ಆ ಸಮಿತಿಯ ಹೆಂಗಸರ ಹೆಸರುಗಳನ್ನು ಕೆತ್ತಿಸಿದರು. ನಲವತ್ತು ವರ್ಷ ಗುಟ್ಟಾಗಿದ್ದ ಪಟ್ಟಿ ಬೆಳಕಿಗೆ ಅಡ್ಡಲಾಗಿ ನಿಂತಿದೆ. ನಿನ್ನ ಕೊನೆಯ ಪುಟ ಅಲ್ಲಿಗೆ ತಲುಪಲಿ ಎಂದು ನನ್ನಾಸೆ. ಆದರೆ ಆ ಗಾಜಿನ ಮೇಲೆ ಯಾರ ಹೆಸರು ಇಲ್ಲ ಎಂಬುದೂ ಓದುಗನಿಗೆ ಅಷ್ಟರಲ್ಲಿ ಗೊತ್ತಿರಬೇಕು.

ಗೀಟು ಹಾಕಿದ ಪ್ರತಿಯನ್ನು ಇದರ ಜೊತೆ ಕಳಿಸಿದ್ದೇನೆ. ಎಲ್ಲವನ್ನೂ ಒಟ್ಟಿಗೆ ತಿದ್ದಲು ಹೋಗಬೇಡ. ಮೊದಲು ಕಾರ್ಡು ಮತ್ತು ಫೋನಿನ ಅಧ್ಯಾಯ ಬರೆದು ಕಳಿಸು. ಕಾಯುತ್ತಿರುತ್ತೇನೆ.

ನಿನ್ನ ಅಕ್ಕ